ಬೆನ್ನ ಹಿಂದಿನ ಗೂಡು

ಅಕ್ಟೋಬರ್ ಕೊನೆಯ ಭಾನುವಾರ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಒಂದು ಗಂಟೆ ಜಾಸ್ತಿ ಸಿಗುತ್ತದೆ. ಬೆಳಗಿನ ಜಾವ ಎರಡಾಗುತ್ತಿದ್ದಂತೆ ಗಡಿಯಾರಗಳು ಮತ್ತೆ ಒಂದಕ್ಕೆ ಬರುತ್ತವೆ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಶುರುವಾದ ಏರ್ಪಾಡು ಇದು. ಮಾರ್ಚಿನಲ್ಲಿ ತೆಗೆದುಕೊಂಡ ಗಂಟೆಯನ್ನು ಚಳಿ ಶುರುವಾಗುವ ಹೊತ್ತಿಗೆ ವಾಪಸ್ ಕೊಡುತ್ತಾರೆ. ಹೆಚ್ಚಿನವರು ಆ ಗಂಟೆಯನ್ನು ನಿದ್ದೆಯಲ್ಲಿ ಕಳೆಯುತ್ತಾರೆ. ನಾನು ಈ ಸಲ ಅದನ್ನು ಒಂದು ಹಳ್ಳಿ ಚರ್ಚಿನ ಗೋಪುರದಲ್ಲಿ, ನಿಲ್ಲಿಸಿದ ಗಡಿಯಾರದ ಪಕ್ಕ ಕೂತು ಕಳೆದೆ.

ಅದಕ್ಕೊಂದು ಕಾರಣವಿದೆ. ಹಳೆ ಸಾಮಾನು ಹುಡುಕುವ ಆಸೆ ಹತ್ತಿದ ಮೊದಲ ವರ್ಷ ನಾನೊಂದು ಹಳೆ ಗೋಡೆ ಗಡಿಯಾರ ತಂದಿದ್ದೆ. ಗಂಟೆ ಹೊಡೆಯುವ ಗಡಿಯಾರ. ಅಕ್ಟೋಬರ್ ಬಂದಾಗ ಮುಳ್ಳನ್ನು ಸುಮ್ನೆ ಬೆರಳಲ್ಲಿ ಹಿಡಿದು ಒಂದು ಸುತ್ತು ಹಿಂದಕ್ಕೆ ತಿರುಗಿಸಿದೆ. ಅಲ್ಲಿಂದ ಅದು ಎರಡಕ್ಕೆ ಮೂರು ಹೊಡೆಯಿತು, ಮೂರಕ್ಕೆ ನಾಲ್ಕು. ರಿಪೇರಿ ಮಾಡುವವರು ನಿಧಾನವಾಗಿ ಬಿಡಿಸಿ ಹೇಳಿದರು: ಇಂಥ ಗಡಿಯಾರದಲ್ಲಿ ಎಷ್ಟು ಹೊಡೆಯಬೇಕು ಎನ್ನುವುದನ್ನು ಲೆಕ್ಕ ಇಡಲು ಬೇರೆಯೇ ಚಕ್ರ ಇರುತ್ತದೆ. ಮುಳ್ಳು ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು, ಅಷ್ಟೇ ಅದಕ್ಕೆ ಗೊತ್ತು. ಹಿಂದಕ್ಕೆ ಹೋಗಲು ಅದಕ್ಕೆ ಬರುವುದಿಲ್ಲ. ಹಾಗಾದರೆ ಏನು ಮಾಡಬೇಕು ಎಂದು ಕೇಳಿದೆ. “ಒಂದು ಗಂಟೆ ನಿಲ್ಲಿಸಿ, ಕಾಯಿರಿ” ಅಂದರು.

ಈ ಕಥೆಯನ್ನು ಒಮ್ಮೆ ಆ ಹಳ್ಳಿಯ ಚರ್ಚ್ ವಾರ್ಡನ್ ಹತ್ತಿರ ಹೇಳಿದ್ದೆ. ಚರ್ಚಿನ ಕಟ್ಟಡ, ಲೆಕ್ಕ, ಬೀಗದ ಕೈ ಎಲ್ಲ ನೋಡಿಕೊಳ್ಳಲು ಊರಿನವರು ವರ್ಷ ವರ್ಷ ಆರಿಸುವ ಇಬ್ಬರಲ್ಲಿ ಅವರೊಬ್ಬರು. ವಯಸ್ಸು ಎಪ್ಪತ್ತು ದಾಟಿದೆ. “ನಾವು ಮಾಡುವುದೂ ಅದನ್ನೇ. ಬರುವ ಅಕ್ಟೋಬರಿಗೆ ನೀವೂ ಬನ್ನಿ” ಎಂದು ಕರೆದಿದ್ದರು. ಹಾಗಾಗಿ ಹೋದೆ.

ಗೋಪುರದ ಮೆಟ್ಟಿಲು ಸುರುಳಿಯಾಗಿ ಮೇಲಕ್ಕೆ ಹೋಗುತ್ತದೆ. ಕಲ್ಲಿನ ಮೆಟ್ಟಿಲುಗಳು ಒಂದೇ ಕಡೆ ಸವೆದು ಬಟ್ಟಲಿನ ಹಾಗಾಗಿವೆ. ಕೈಗೆ ಆಸರೆಯಾಗಿ ಒಂದು ಹಗ್ಗ ಇಳಿಬಿಟ್ಟಿದ್ದಾರೆ. ಅರ್ಧ ದಾರಿಯಲ್ಲಿ ಒಂದು ಪುಟ್ಟ ಕೋಣೆ. ಅಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಗಡಿಯಾರ. ಹೊರಗಿನಿಂದ ಕಾಣುವುದು ಬರೀ ಮುಖ, ನಿಜವಾದ ಗಡಿಯಾರ ಇರುವುದು ಇಲ್ಲಿ. ಒಂದು ಕಡೆಯ ಚಕ್ರಗಳು ಮುಳ್ಳನ್ನು ನಡೆಸುತ್ತವೆ, ಇನ್ನೊಂದು ಕಡೆಯವು ಗಂಟೆ ಹೊಡೆಯುತ್ತವೆ. ಎರಡಕ್ಕೂ ಬೇರೆ ಬೇರೆ ಭಾರದ ಗುಂಡುಗಳು. ವಾರಕ್ಕೊಮ್ಮೆ ಹಿಡಿಕೆ ತಿರುಗಿಸಿ ಅವನ್ನು ಮೇಲಕ್ಕೆ ಎಳೆಯಬೇಕು. ಹೆಚ್ಚಿನ ಚರ್ಚುಗಳಲ್ಲಿ ಈಗ ಆ ಕೆಲಸಕ್ಕೆ ಮೋಟರ್ ಇದೆ. ಇಲ್ಲಿ ವಾರ್ಡನ್ನರ ತೋಳೇ ಮೋಟರು.

ಭಾನುವಾರ ಬೆಳಿಗ್ಗೆ, ಹಳೆಯ ಲೆಕ್ಕದ ಎಂಟು ಗಂಟೆ ಹೊಡೆಯುವ ತನಕ ಕಾದೆವು. ತಲೆಯ ಮೇಲೆ, ಮರದ ಅಟ್ಟದ ಆಚೆ, ಗಂಟೆ ಎಂಟು ಸಲ ಹೊಡೆಯಿತು. ಒಂದೊಂದು ಏಟೂ ಕಾಲಿನ ಕೆಳಗಿನ ಹಲಗೆಯಲ್ಲಿ ತಿಳಿಯುತ್ತಿತ್ತು. ಆಮೇಲೆ ಅವರು ಬಗ್ಗಿ, ತೂಗಾಡುವ ಮಗುವಿನ ತೊಟ್ಟಿಲನ್ನು ಹಿಡಿದು ನಿಲ್ಲಿಸುವ ಹಾಗೆ, ಅಂಗೈಯಲ್ಲಿ ಲೋಲಕವನ್ನು ಹಿಡಿದರು. ಟಿಕ್ ಎನ್ನುವ ಸದ್ದು ನಿಂತಿತು. ಅಷ್ಟು ಹೊತ್ತು ಅಂಥ ಒಂದು ಸದ್ದು ಇತ್ತು ಅನ್ನುವುದು ಅದು ನಿಂತ ಮೇಲೆಯೇ ಗೊತ್ತಾಗಿದ್ದು.

ಒಂದು ಗಂಟೆ ಕೂತೆವು. ಫ್ಲಾಸ್ಕಿನಲ್ಲಿ ಚಹಾ ಇತ್ತು. ಮಾತು ಜಾಸ್ತಿ ಇರಲಿಲ್ಲ. ಹಳೆಯ ಕಾಲದಲ್ಲಿ ಎಷ್ಟೋ ಚರ್ಚಿನ ಗಡಿಯಾರಗಳಿಗೆ ಮುಖವೇ ಇರಲಿಲ್ಲ ಅಂತ ಅವರು ಹೇಳಿದರು. ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿ 1386ರದ್ದು ಎಂದು ಎಣಿಸುವ ಗಡಿಯಾರ ಇದೆ. ಅದಕ್ಕೆ ಮುಳ್ಳೂ ಇಲ್ಲ, ಅಂಕಿಯೂ ಇಲ್ಲ. ಗಂಟೆ ಹೊಡೆಯುವುದಷ್ಟೇ ಅದರ ಕೆಲಸ. ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯ ಚರ್ಚಿನಲ್ಲಿ ದೊಡ್ಡ ಗಡಿಯಾರಕ್ಕೆ ಒಂದೇ ಮುಳ್ಳು. ಹೊಲದಲ್ಲಿ ಕೆಲಸ ಮಾಡುವವರಿಗೆ ನಿಮಿಷ ಕಟ್ಟಿಕೊಂಡು ಏನಾಗಬೇಕಿತ್ತು? ಲಂಡನ್ನಿನ ಬಿಗ್ ಬೆನ್ ಸರಿಯಾಗಿ ನಡೆಯಲು ಅದರ ಲೋಲಕದ ಮೇಲೆ ಹಳೆ ಪೆನ್ನಿ ನಾಣ್ಯಗಳನ್ನು ಇಡುತ್ತಾರೆ. ಒಂದು ಪೆನ್ನಿ ಇಟ್ಟರೆ ಗಡಿಯಾರ ದಿನಕ್ಕೆ 0.4 ಸೆಕೆಂಡು ಬೇಗ ಓಡುತ್ತದೆ. ಇಷ್ಟು ಹೇಳಿ ಅವರು ಸುಮ್ಮನಾದರು. ಗೋಪುರದ ಸೀಳಿನಿಂದ ಹೊರಗೆ ನೋಡಿದೆ. ಗೋರಿಗಳ ಅಂಗಳ, ಅದರ ಮೂಲೆಯಲ್ಲಿ ಕಪ್ಪಗೆ ನಿಂತ ಯೂ ಮರ, ಆಚೆ ಮಂಜಿನಲ್ಲಿ ಕುರಿಗಳು. ಯಾವ ಮನೆಯ ಕಿಟಕಿಯಲ್ಲೂ ದೀಪ ಇರಲಿಲ್ಲ. ಊರಿಗೆ ಊರೇ ಆ ಒಂದು ಗಂಟೆಯನ್ನು ಹೊದ್ದು ಮಲಗಿತ್ತು.

ಕೈಗಡಿಯಾರ ನೋಡಿಕೊಂಡು ಅವರು ಲೋಲಕವನ್ನು ಬೆರಳ ತುದಿಯಿಂದ ಒಂದು ಕಡೆ ತಳ್ಳಿ ಬಿಟ್ಟರು. ಟಿಕ್. ಹೊಸ ಎಂಟು ಗಂಟೆಯ ದಿನ ಅಲ್ಲಿಂದ ಶುರುವಾಯಿತು.

ಚರ್ಚಿನಲ್ಲಿ ಬೆಳಿಗ್ಗೆ ಪ್ರಾರ್ಥನೆ ಇರಲಿಲ್ಲ. ಏಳು ಹಳ್ಳಿಗೆ ಒಬ್ಬರೇ ವಿಕಾರ್, ಅಂದರೆ ಪಾದ್ರಿ. ಯಾವ ಭಾನುವಾರ ಯಾವ ಊರು ಅಂತ ಬಾಗಿಲ ಪಕ್ಕದ ಬೋರ್ಡಿನಲ್ಲಿ ಪಟ್ಟಿ ಇರುತ್ತದೆ. ಈ ಊರಿನ ಸರದಿ ಅವತ್ತು ಸಂಜೆ ನಾಲ್ಕಕ್ಕೆ. ಈವನ್‌ಸಾಂಗ್, ಅಂದರೆ ಸಂಜೆಯ ಪ್ರಾರ್ಥನೆ. ಅಲ್ಲಿಯ ತನಕ ನಾನು ಪಕ್ಕದ ಪೇಟೆಯಲ್ಲಿ ಹಳೆ ಸಾಮಾನು ಮಾರುವ ಆಂಟಿಕ್ ಸೆಂಟರಿಗೆ ಹೊರಟೆ.

ಅದು ಹತ್ತೂವರೆಗೆ ತೆರೆದು ನಾಲ್ಕೂವರೆಗೆ ಮುಚ್ಚುತ್ತದೆ. ಇಂಗ್ಲೆಂಡಿನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಭಾನುವಾರ ಆರು ಗಂಟೆ ಮಾತ್ರ ತೆರೆದಿರಬಹುದು, 1994ರ ಕಾನೂನು. ಹಿಂದೊಮ್ಮೆ ಬಾರ್ಲಿ ಮೊಳಕೆ ಕಟ್ಟಿಸುತ್ತಿದ್ದ ಕಟ್ಟಡ. ಮೂರು ಅಂತಸ್ತು, ತಗ್ಗು ತೊಲೆ, ಸಣ್ಣ ಕಿಟಕಿ. ಒಬ್ಬೊಬ್ಬ ವ್ಯಾಪಾರಿಯೂ ಒಂದು ಮೂಲೆಯನ್ನೋ, ಒಂದು ಗಾಜಿನ ಬೀರುವನ್ನೋ ಬಾಡಿಗೆಗೆ ಹಿಡಿದಿರುತ್ತಾರೆ. ಅವರು ಅಲ್ಲಿ ಇರುವುದಿಲ್ಲ. ದಾರದಲ್ಲಿ ಕಟ್ಟಿದ ಚೀಟಿ ಮಾತ್ರ ಇರುತ್ತದೆ, ಅದರ ಮೇಲೆ ಬೆಲೆ ಮತ್ತು ನಾಲ್ಕು ಪದ. ಮಧ್ಯಾಹ್ನದ ತನಕ ಅಲ್ಲಿ ಕೇಳುವುದು ಹಲಗೆಯ ಕಿರುಗುಟ್ಟು, ಮತ್ತೆ ಗಡಿಯಾರಗಳು. ಅವತ್ತು ಅಲ್ಲಿದ್ದ ಹತ್ತಿಪ್ಪತ್ತು ಗಡಿಯಾರಗಳಲ್ಲಿ ಒಂದೊಂದೂ ಒಂದೊಂದು ಸಮಯ ತೋರಿಸುತ್ತಿತ್ತು. ಯಾರೂ ಅವಕ್ಕಾಗಿ ಒಂದು ಗಂಟೆ ಕಾದಿರಲಿಲ್ಲ.

ಹಳೆ ಸಾಮಾನು ನೋಡಲು ಕಲಿಯುವುದು ಅಂದರೆ ಅದನ್ನು ಮಗುಚಿ ನೋಡಲು ಕಲಿಯುವುದು. ಮುಂದಿನ ಮುಖವನ್ನು ತೋರಿಸಲಿಕ್ಕೇ ಮಾಡಿರುತ್ತಾರೆ. ತಳ ಮಾತ್ರ ಸುಳ್ಳು ಹೇಳುವುದು ಕಡಿಮೆ. ಪಿಂಗಾಣಿ ತಟ್ಟೆಯ ಬೆನ್ನಲ್ಲಿ ‘ಇಂಗ್ಲೆಂಡ್’ ಎಂದು ಅಚ್ಚಾಗಿದ್ದರೆ ಸಾಮಾನ್ಯವಾಗಿ ಅದು 1891ರ ಈಚಿನದು. ಬೇರೆ ದೇಶದಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರಿರಬೇಕು ಎಂದು ಅಮೆರಿಕ ಆಗ ಕಡ್ಡಾಯ ಮಾಡಿತ್ತು. ಸಣ್ಣ ವಜ್ರದ ಆಕಾರದ ಗುರುತು ಇದ್ದರೆ ಆ ವಿನ್ಯಾಸವನ್ನು 1842ರಿಂದ 1883ರ ನಡುವೆ ನೋಂದಣಿ ಮಾಡಿಸಿದ್ದಾರೆ ಅಂತ ಅರ್ಥ. ಚಮಚದ ಹಿಡಿಯ ಹಿಂದೆ ನಡೆಯುವ ಸಿಂಹ ಇದ್ದರೆ ಬೆಳ್ಳಿ, ನೂರಕ್ಕೆ 92.5 ಪಾಲು. ಜೊತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆ ಆದದ್ದು. ಸಮುದ್ರವೇ ಇಲ್ಲದ ಊರಿಗೆ ಲಂಗರಿನ ಗುರುತು, 1773ರಿಂದ.

ಮರದ ಸಾಮಾನಿನಲ್ಲಿ ಓದುವುದು ಇನ್ನೂ ಚೆನ್ನ. ಖಾನೆಯನ್ನು ಪೂರ್ತಿ ಹೊರಗೆಳೆದು ಮೂಲೆ ನೋಡಬೇಕು. ಎರಡು ಹಲಗೆ ಒಂದನ್ನೊಂದು ಕಚ್ಚಿಕೊಂಡ ಹಲ್ಲುಗಳು ಒಂದು ದಪ್ಪ, ಒಂದು ಸಣ್ಣ ಇದ್ದರೆ ಅದು ಕೈಯಿಂದ ಕೊಯ್ದದ್ದು. ಎಲ್ಲ ಒಂದೇ ಅಳತೆ ಇದ್ದರೆ ಯಂತ್ರ. ದುಂಡು ಮೇಜು ಇದ್ದರೆ ನಾನು ಜೇಬಿನಿಂದ ಟೇಪು ತೆಗೆಯುತ್ತೇನೆ. ಮರ ಒಣಗುತ್ತಾ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಇನ್ನೂರು ವರ್ಷದ ದುಂಡು ಮೇಜು ದುಂಡಗಿರುವುದಿಲ್ಲ. ಅಳತೆ ಎರಡೂ ಕಡೆ ಸರಿಸಮ ಬಂದರೆ ಅನುಮಾನ ಪಡಬೇಕು.

ಅವತ್ತು ವಿಲೋ ಮರದ ಚಿತ್ರವಿರುವ ನೀಲಿ ಬಿಳಿ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದೆ. ಸೇತುವೆ, ಮೂರು ಜನ, ಎರಡು ಹಕ್ಕಿ. ಚೀನಾದ ಚಿತ್ರ ಅಂತ ಕಾಣುತ್ತದೆ, ಆದರೆ 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲೇ ಹುಟ್ಟಿದ್ದು. ಹಕ್ಕಿಯಾದ ಪ್ರೇಮಿಗಳ ಕಥೆಯನ್ನು ಆಮೇಲೆ ಇಲ್ಲಿಯವರೇ ಕಟ್ಟಿದರು. ತಾಮ್ರದ ಹಲಗೆಯಲ್ಲಿ ಕೊರೆದು, ತೆಳು ಕಾಗದಕ್ಕೆ ಬಣ್ಣ ಇಳಿಸಿ, ಆ ಕಾಗದವನ್ನು ತಟ್ಟೆಗೆ ಒತ್ತುತ್ತಿದ್ದರು. ಅಂಚಿನ ಚಿತ್ತಾರ ಉದ್ದನೆಯ ಪಟ್ಟಿಯಲ್ಲಿ ಬರುತ್ತಿತ್ತು, ಅದನ್ನು ಸುತ್ತ ಹಚ್ಚಬೇಕಿತ್ತು. ಈ ತಟ್ಟೆಯಲ್ಲಿ ಪಟ್ಟಿಯ ಎರಡು ತುದಿ ಸೇರುವ ಕಡೆ ಒಂದು ಹೂವು ಅರ್ಧಕ್ಕೇ ಕಡಿದು ಹೋಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೂವಿನ ಅರ್ಧ, ಬೆರಳಿನಷ್ಟು ಓರೆಯಾಗಿ. ಆ ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಹುಡುಗಿಯರು. ಆ ಅರ್ಧ ಹೂವಿನ ಹತ್ತಿರ ಯಾರದೋ ಒಬ್ಬಳ ದಿನದ ಆಯಾಸವೋ, ಅವಸರವೋ ಕೂತಿದೆ. ಇಡೀ ತಟ್ಟೆಯಲ್ಲಿ ನನಗೆ ಅದೇ ಬೇಕಾದದ್ದು. ತಟ್ಟೆ ತೆಗೆದುಕೊಂಡೆ.

ಇಲ್ಲಿ ನನಗೆ ಬೇಸರ ತರುವ ಒಂದು ಮೂಲೆ ಇದೆ. ಬ್ರೌನ್ ಫರ್ನಿಚರ್ ಅಂತ ಕರೆಯುತ್ತಾರೆ. ಓಕ್, ಮಹಾಗನಿಯ ದೊಡ್ಡ ಬೀರು, ಖಾನೆಗಳ ಪೆಟ್ಟಿಗೆ, ಹತ್ತು ಜನ ಕೂರುವ ಊಟದ ಮೇಜು. ನಲವತ್ತು ವರ್ಷದ ಹಿಂದೆ ಜನ ಆಸೆ ಪಟ್ಟು ಕೊಳ್ಳುತ್ತಿದ್ದ ಇವನ್ನು ಈಗ ಕೇಳುವವರಿಲ್ಲ. ಮನೆಗಳು ಸಣ್ಣ, ಮೆಟ್ಟಿಲು ಇಕ್ಕಟ್ಟು, ಹತ್ತು ಜನ ಒಟ್ಟಿಗೆ ಊಟಕ್ಕೆ ಕೂರುವುದೂ ಇಲ್ಲ. ಮೇಜಿನ ಎಲೆಗಳನ್ನು, ಅಂದರೆ ಮೇಜನ್ನು ಉದ್ದ ಮಾಡಲು ಸೇರಿಸುವ ಹಲಗೆಗಳನ್ನು, ಬಿಚ್ಚಿ ಗೋಡೆಗೆ ಒರಗಿಸಿಟ್ಟಿರುತ್ತಾರೆ. ಒಂದೊಂದು ಎಲೆಯೂ ಇಬ್ಬರು ನೆಂಟರಿಗೆ ಜಾಗ. ಒಂದು ಕಪಾಟಿನಲ್ಲಿ ದಪ್ಪನೆಯ ಮನೆ ಬೈಬಲ್‌ಗಳು. ಮೊದಲ ಪುಟದಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನ, ಕೆಲವರದ್ದು ಸತ್ತ ದಿನ, ಬೇರೆ ಬೇರೆ ಮಸಿಯಲ್ಲಿ, ಬೇರೆ ಬೇರೆ ಕೈಯಲ್ಲಿ. ಇವು ಎಷ್ಟು ಕಡಿಮೆ ಬೆಲೆಗೆ ಬಿದ್ದಿರುತ್ತವೆ ಅಂದರೆ ಚೀಟಿ ನೋಡಲು ಮನಸ್ಸಾಗುವುದಿಲ್ಲ. ಹೆಸರು ಬರೆದ ಪುಸ್ತಕ ಆ ಹೆಸರಿನವರ ಕೈಬಿಟ್ಟು ಹೋಗಲು ಎಷ್ಟೆಲ್ಲ ಆಗಿರಬೇಕು, ಅಲ್ವಾ?

ಅದರ ಪಕ್ಕದಲ್ಲೇ ಕುರ್ಚಿ ಇತ್ತು.

ಬೇಸಿಗೆಯಲ್ಲಿ ನೋಡಿದಾಗ ಅಲ್ಲಿ ಇಂಥವು ನಲವತ್ತರ ಮೇಲಿದ್ದವು. ಬಾಗಿಲು ಮುಚ್ಚಿದ ಒಂದು ಚರ್ಚಿನಿಂದ ಬಂದವು. ಇಲ್ಲಿ ಚರ್ಚಿನ ಚಾವಣಿ ಸೋರಿದರೆ ಅದನ್ನು ಸರಿಪಡಿಸುವ ಹೊಣೆ ಆ ಊರಿನ ಸಭೆಯದ್ದೇ. ಜನ ಕಡಿಮೆಯಾದಂತೆ ಆ ಭಾರ ಹೊರುವ ಹೆಗಲೂ ಕಡಿಮೆ. ಪ್ರಾರ್ಥನೆ ನಿಂತ ಚರ್ಚುಗಳಲ್ಲಿ ಮುಖ್ಯವಾದವನ್ನು ಕಾಪಾಡಲು 1969ರಲ್ಲಿ ಒಂದು ನಿಧಿ ಶುರುವಾಯಿತು. ಈಗ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂದು ಹೆಸರು, 350ಕ್ಕೂ ಹೆಚ್ಚು ಚರ್ಚುಗಳು ಅದರ ಕೈಯಲ್ಲಿವೆ. ಮಿಕ್ಕವು ಮನೆಯಾಗುತ್ತವೆ, ಸಭಾಂಗಣವಾಗುತ್ತವೆ. ಒಳಗಿನ ಕುರ್ಚಿಗಳು ಇಲ್ಲಿಗೆ ಬರುತ್ತವೆ. ಜನ ಒಂದೊಂದನ್ನೇ ಒಯ್ಯುತ್ತಾರೆ, ಬಚ್ಚಲಲ್ಲಿ ಟವೆಲ್ ಹಾಕಲು, ಹೂಕುಂಡ ಇಡಲು. ಅವತ್ತು ಉಳಿದದ್ದು ಒಂದೇ. ಚೀಟಿಯಲ್ಲಿ 30 ಪೌಂಡ್, ‘ಚರ್ಚ್ ಕುರ್ಚಿ, ಚೆನ್ನಾಗಿದೆ’.

ಬೀಚ್ ಮರದ ಕಾಲು, ಎಲ್ಮ್ ಮರದ ಕೂರುವ ಹಲಗೆ. ಬಕಿಂಗ್‌ಹ್ಯಾಮ್‌ಶೈರಿನ ಹೈ ವಿಕಂಬ್ ಊರು ಇಂಥ ಕುರ್ಚಿಗಳಿಗೇ ಹೆಸರಾಗಿತ್ತು. ಸುತ್ತಲಿನ ಬೀಚ್ ಕಾಡಿನಲ್ಲೇ ಕೂತು ಕಾಲು ಕಡೆದು ಊರಿಗೆ ತಂದು ಕೊಡುವವರಿದ್ದರು. ಎಲ್ಮ್ ಹಲಗೆಯ ಎಳೆಗಳು ಹೆಣೆದುಕೊಂಡಿರುತ್ತವೆ, ಅದಕ್ಕೇ ಸುಲಭವಾಗಿ ಸೀಳುವುದಿಲ್ಲ. ಈ ಕುರ್ಚಿಯ ಹಲಗೆ ನಡುವೆ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು, ಅಂಚಿನಲ್ಲಿ ಮಂಕು. ಕುರ್ಚಿಯನ್ನು ಮಗುಚಿದೆ. ಹಿಂಗಾಲಿನ ಎರಡೂ ಪಕ್ಕದಲ್ಲಿ ಸ್ಕ್ರೂ ಹೊಡೆದ ತೂತುಗಳು. ಉದ್ದನೆಯ ಪಟ್ಟಿಯೊಂದಕ್ಕೆ ಸಾಲಾಗಿ ಸ್ಕ್ರೂ ಹಾಕಿ ಕುರ್ಚಿಗಳು ಅಲುಗದ ಹಾಗೆ ಕೂಡಿಸಿದ್ದರು. ಅಂದರೆ ಇದಕ್ಕೆ ಎಡಕ್ಕೊಬ್ಬ, ಬಲಕ್ಕೊಬ್ಬ ಒಡಹುಟ್ಟು ಇತ್ತು.

ಬೆನ್ನಿನ ಹಿಂದೆ ಒಂದು ಗೂಡು. ಒಂದು ಪ್ರಾರ್ಥನೆ ಪುಸ್ತಕ, ಒಂದು ಹಾಡಿನ ಪುಸ್ತಕ ಹಿಡಿಯುವಷ್ಟು ಸಣ್ಣ ಮರದ ಪೆಟ್ಟಿಗೆ. ಎಷ್ಟೋ ಸಲ ಇಂಥ ಕುರ್ಚಿ ನೋಡಿದ್ದೇನೆ. ಈ ಗೂಡನ್ನೂ ನೋಡಿದ್ದೇನೆ. ಆದರೆ ಒಂಟಿಯಾಗಿ ನಿಂತಿದ್ದ ಈ ಒಂದನ್ನು ನೋಡಿದಾಗ ಮೊದಲ ಸಲ ಹೊಳೆಯಿತು: ಕುರ್ಚಿಯಲ್ಲಿ ಕೂತವರಿಗೆ ಈ ಗೂಡು ಎಟುಕುವುದೇ ಇಲ್ಲ. ಅದು ಹಿಂದೆ ಕೂತವರಿಗಾಗಿ ಇರುವುದು. ನನ್ನ ಪುಸ್ತಕ ಇಡಲು ಮುಂದಿನವರ ಬೆನ್ನು, ಹಿಂದಿನವರಿಗೆ ನನ್ನ ಬೆನ್ನು. ಹಿಂದೆ ಯಾರೋ ಇರುತ್ತಾರೆ ಎಂದು ನಂಬಿ ಬಡಗಿ ಮಾಡಿದ ಕುರ್ಚಿ ಇದು. ಗೂಡಿನೊಳಗೆ ಬೆರಳು ಆಡಿಸಿದೆ. ಪೆನ್ಸಿಲಿನಲ್ಲಿ ಮೂರಂಕಿಯ ಒಂದು ಸಂಖ್ಯೆ, 1 ಮತ್ತು 6 ಓದಲು ಬಂತು, ನಡುವಿನದ್ದು ಅಳಿಸಿತ್ತು. ಯಾವುದೋ ಭಾನುವಾರದ ಹಾಡಿನ ನಂಬರ್ ಇರಬೇಕು.

ಕೊಳ್ಳಲಿಲ್ಲ. ಮನೆಯಲ್ಲಿ ಎಲ್ಲಿಟ್ಟರೂ ಆ ಗೂಡು ಗೋಡೆಗೆ ಮುಖ ಮಾಡಿರುತ್ತದೆ. ಅದನ್ನು ಯೋಚಿಸಿಯೇ ಕೈ ಹಿಂದೆಗೆದೆ.

ಮೂರೂಮುಕ್ಕಾಲಿಗೆ ಮತ್ತೆ ಹಳ್ಳಿ ಸೇರಿದಾಗ ಗಂಟೆ ಬಾರಿಸುತ್ತಿದ್ದರು. ಇಲ್ಲಿಯ ಗಂಟೆಗಳಿಗೆ ರಾಗ ಇಲ್ಲ, ಲೆಕ್ಕ ಇದೆ. ಒಬ್ಬರಿಗೆ ಒಂದೇ ಗಂಟೆ, ಒಂದೇ ಹಗ್ಗ. ಗಂಟೆ ಬಾಯಿ ಮೇಲಾಗಿ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಗಂಟೆಗಳ ಸರದಿ ಬದಲಾಗಬೇಕು, ಬಂದ ಸರದಿ ಮತ್ತೆ ಬರಬಾರದು. ಬಾರಿಸುವ ಗಂಟೆಗಳು ಆರಿದ್ದರೆ ಇಂಥ 720 ಸರದಿಗಳಿವೆ, ಬಾರಿಸಿ ಮುಗಿಸಲು ಸುಮಾರು 25 ನಿಮಿಷ ಬೇಕು. ಐದಾದರೆ 120. ನಾಲ್ಕಾದರೆ ಬರೀ 24. ಈ ಗೋಪುರದಲ್ಲಿ ಆರು ಗಂಟೆಗಳಿವೆ. ಅವತ್ತು ಬಂದವರು ನಾಲ್ವರು. ಬೇಗ ಮುಗಿಯುವ ಆ 24 ಸರದಿಗಳನ್ನೇ ಮತ್ತೆ ಮತ್ತೆ ಬಾರಿಸುತ್ತಿದ್ದರು. ಮಿಕ್ಕ ಎರಡು ಹಗ್ಗಗಳನ್ನು ಗೋಡೆಯ ಗೂಟಕ್ಕೆ ಸುತ್ತಿಟ್ಟಿದ್ದರು. ಒಬ್ಬ ಮನುಷ್ಯ ಎಷ್ಟೇ ಜಾಣನಾದರೂ ಎರಡು ಸೇರಿಸಿ ಬಾರಿಸುವುದು ಸುಲಭವಲ್ಲ. ಹಗ್ಗಕ್ಕೊಬ್ಬರು ಬೇಕೇ ಬೇಕು.

ಒಳಗೆ ಕಲ್ಲಿನ ತಂಪು, ಮೇಣದ ವಾಸನೆ, ಹಿತ್ತಾಳೆ ಪಾಲಿಶಿನ ವಾಸನೆ. ಬಾಗಿಲ ಹತ್ತಿರ ಕಾಗದದ ಮೇಲೆ ಹೂವಿನ ಸರದಿ, ಗುಡಿಸುವ ಸರದಿ, ಹಿತ್ತಾಳೆ ಉಜ್ಜುವ ಸರದಿ. ಅದೇ ಐದಾರು ಹೆಸರುಗಳು ಎಲ್ಲ ಪಟ್ಟಿಯಲ್ಲೂ ಸುತ್ತಿ ಸುತ್ತಿ ಬರುತ್ತವೆ. ಮೊಣಕಾಲೂರಲು ಇಟ್ಟ ಸಣ್ಣ ದಿಂಬುಗಳಿಗೆ ಊರಿನ ಹೆಂಗಸರೇ ಕಸೂತಿ ಹಾಕಿದ್ದಾರೆ. ಒಂದರಲ್ಲಿ ಟ್ರ್ಯಾಕ್ಟರ್, ಒಂದರಲ್ಲಿ ಗೂಬೆ, ಒಂದರಲ್ಲಿ ಮುಚ್ಚಿಹೋದ ಶಾಲೆಯ ಚಿತ್ರ.

ಉತ್ತರದ ಗೋಡೆಗೆ ಒರಗಿ ಓಕ್ ಮರದ ಪೆಟ್ಟಿಗೆ ಇದೆ. ಆಂಟಿಕ್ ಸೆಂಟರಿನಲ್ಲೂ ಇಂಥದ್ದೊಂದಿತ್ತು, ಟಿವಿ ಇಡಲು ಚೆನ್ನಾಗಿರುತ್ತದೆ ಅಂತ ಚೀಟಿ ಹೇಳುತ್ತಿತ್ತು. ಚರ್ಚಿನದಕ್ಕೆ ಮೂರು ಬೀಗ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಊರಿನ ಚರ್ಚಿಗೂ ಒಂದು ಆಜ್ಞೆ ಕಳಿಸಿದ. ಊರಿನ ಪ್ರತಿ ದೀಕ್ಷಾಸ್ನಾನ, ಮದುವೆ, ಹೂಳುವಿಕೆಯನ್ನು ಪುಸ್ತಕದಲ್ಲಿ ಬರೆಯಬೇಕು, ಅದನ್ನು ಭದ್ರವಾದ ಪೆಟ್ಟಿಗೆಯಲ್ಲಿ ಇಡಬೇಕು. ಆಮೇಲೆ 1603ರ ಚರ್ಚ್ ನಿಯಮ ಮೂರು ಬೀಗ ಕೇಳಿತು. ಒಂದು ಬೀಗದ ಕೈ ಪಾದ್ರಿಯ ಹತ್ತಿರ, ಎರಡು ಇಬ್ಬರು ವಾರ್ಡನ್ನರ ಹತ್ತಿರ. ಮೂವರೂ ಬಂದರೆ ಮಾತ್ರ ಊರಿನ ಹೆಸರುಗಳು ಹೊರಗೆ ಬರುತ್ತಿದ್ದವು. ಆ ಹಳೆ ಪುಸ್ತಕಗಳು ಈಗ ಕೌಂಟಿಯ ದಾಖಲೆ ಕಚೇರಿಯಲ್ಲಿವೆ. ಪೆಟ್ಟಿಗೆಯಲ್ಲಿ ಮೇಣದ ಬತ್ತಿ, ಕ್ರಿಸ್‌ಮಸ್ ಗೋದಲಿಯ ಗೊಂಬೆಗಳು ಇರುತ್ತವೆ. ಬೀಗ ಹಾಕುವುದಿಲ್ಲ.

ಆ ಧರ್ಮ ನನ್ನ ಹುಟ್ಟಿನದಲ್ಲ. ಮೊದಲ ಸಲ ಬಂದಾಗ ಯಾರೂ ಅದನ್ನು ಕೇಳಲಿಲ್ಲ, ಕೈಗೆ ಪುಸ್ತಕ ಕೊಟ್ಟರು. ಅವತ್ತಿನಿಂದ ಬರುತ್ತಿದ್ದೇನೆ. ಮುಂದುಗಡೆ ಓಕ್ ಬೆಂಚುಗಳು. ಹಿಂದಿನ ಕಾಲದಲ್ಲಿ ಇಂಥ ಬೆಂಚಿಗೆ ಬಾಡಿಗೆ ಕಟ್ಟುವ ಪದ್ಧತಿ ಎಷ್ಟೋ ಊರುಗಳಲ್ಲಿ ಇತ್ತು. ಉಳ್ಳವರ ಬೆಂಚಿಗೆ ಬಾಗಿಲೂ ಇರುತ್ತಿತ್ತು. ಬಾಡಿಗೆ ಇಲ್ಲದವರಿಗೆ ಹಿಂದಿನ ಜಾಗ. ಈ ಚರ್ಚಿನ ಹಿಂಭಾಗದಲ್ಲಿ ಇರುವುದು ಕುರ್ಚಿಗಳು. ಬೀಚ್ ಕಾಲು, ಎಲ್ಮ್ ಹಲಗೆ, ಬೆನ್ನಿಗೆ ಗೂಡು. ನಾನು ಯಾವಾಗಲೂ ಕೂರುವುದು ಅಲ್ಲೇ.

ನಾವು ಆರು ಜನ ಇದ್ದೆವು. ವಿಕಾರ್ ಮತ್ತು ಆರ್ಗನ್ ನುಡಿಸುವವರು ಬೇರೆ. ಈವನ್‌ಸಾಂಗ್‌ನ ಮಾತುಗಳು 1662ರ ಪ್ರಾರ್ಥನೆ ಪುಸ್ತಕದವು. ಅದಕ್ಕೂ ಮೊದಲು, 1549ರಲ್ಲಿ, ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಸನ್ಯಾಸಿಗಳ ಸಂಜೆಯ ಮತ್ತು ಮಲಗುವ ಹೊತ್ತಿನ ಎರಡು ಪ್ರಾರ್ಥನೆಗಳನ್ನು ಸೇರಿಸಿ ಊರಿನ ಜನಕ್ಕೆ ತಿಳಿಯುವ ಇಂಗ್ಲಿಷಿನಲ್ಲಿ ಒಂದು ಮಾಡಿದ್ದ. ಯಾರೂ ಹೊಸದಾಗಿ ಏನೂ ಹೇಳಬೇಕಾಗಿಲ್ಲ. ಯೇಸುವಿನ ತಾಯಿ ಮರಿಯಳ ಹಾಡು, ಮಗು ಯೇಸುವನ್ನು ಎತ್ತಿಕೊಂಡ ಮುದುಕ ಸಿಮೆಯೋನನ ಹಾಡು, ಒಂದು ಕೀರ್ತನೆ, ಕತ್ತಲನ್ನು ಬೆಳಗು ಎಂದು ಕೇಳುವ ಒಂದು ಸಣ್ಣ ಪ್ರಾರ್ಥನೆ. ನಿನ್ನೆಯ ತನಕ ಆ ಹೊತ್ತಿಗೆ ಹೊರಗೆ ಬೆಳಕಿತ್ತು. ಅವತ್ತು ಆ ಪ್ರಾರ್ಥನೆಗೆ ಬರುವಾಗ ಪಶ್ಚಿಮದ ಕಿಟಕಿಯ ಬಣ್ಣ ಆಗಲೇ ಆರುತ್ತಿತ್ತು. ಕೊನೆಯ ಕಡೆಗೆ ಬರುವ ಇನ್ನೊಂದು ಪ್ರಾರ್ಥನೆಯಲ್ಲಿ, ಇಬ್ಬರು ಮೂವರು ಒಟ್ಟು ಸೇರಿದರೂ ಅವರು ಕೇಳಿದ್ದನ್ನು ಕೊಡುವ ಮಾತಿದೆ. ಎಂಟು ಜನಕ್ಕೆ ಅದು ಸಾಕಷ್ಟು ದೊಡ್ಡ ಮಾತು.

ನನ್ನ ಹಿಂದೆ ಒಬ್ಬ ಅಜ್ಜಿ ಕೂತಿದ್ದರು. ಹಿತ್ತಾಳೆಯ ಸರದಿಯಲ್ಲಿ ಅವರ ಹೆಸರು ಇದೆ. ಕಡೆಯ ಹಾಡು ಮುಗಿದಾಗ ಅವರು ಪುಸ್ತಕ ಮುಚ್ಚಿ ನನ್ನ ಕುರ್ಚಿಯ ಗೂಡಿಗೆ ಇಳಿಸಿದರು. ಟಪ್ ಅಂತ ಒಂದು ಮೆತ್ತನೆಯ ಏಟು ನನ್ನ ಬೆನ್ನಿಗೆ ತಾಗಿತು. ಎಷ್ಟು ಭಾನುವಾರ ತಾಗಿದೆಯೋ, ಗಮನಿಸಿದ್ದು ಅವತ್ತೇ. ನನ್ನ ಕೈಯಲ್ಲೂ ಪುಸ್ತಕ ಇತ್ತು. ಮುಂದಿನ ಕುರ್ಚಿ ಖಾಲಿ. ಅದರ ಗೂಡಿಗೆ ಇಳಿಸಿದೆ.

ಪ್ರಾರ್ಥನೆ ಮುಗಿದ ಮೇಲೆ ಹಿಂದುಗಡೆ ನಿಂತು ಚಹಾ ಕುಡಿಯುವಾಗ ವಾರ್ಡನ್ನರಿಗೆ ಪೇಟೆಯ ಕುರ್ಚಿಯ ವಿಷಯ ಹೇಳಿದೆ. ಗೂಡಿನೊಳಗಿನ ಪೆನ್ಸಿಲಿನ ಅಂಕಿಯ ತನಕ ಎಲ್ಲ ಹೇಳಿದೆ. ಅವರು ಏನೂ ಮಾತಾಡದೆ ನನ್ನನ್ನು ಕಂಬದ ಆಚೆ ಕರೆದುಕೊಂಡು ಹೋದರು. ಕೊನೆಯ ಸಾಲಿನಲ್ಲಿ ಎರಡು ಕುರ್ಚಿಗಳ ನಡುವೆ ಜಾಗ ಖಾಲಿ ಇತ್ತು. ಹುಳು ಹಿಡಿದದ್ದನ್ನು ತೆಗೆದರಂತೆ, ಎರಡು ವರ್ಷ ಆಯಿತು.

“ಒಂದೇ ಇದೆಯಾ?” ಅಂದರು.

“ಒಂದೇ. ನಾನು ತಂದುಕೊಟ್ಟರೆ ಇಡುತ್ತೀರಾ?”

“ಸುಮ್ನೆ ತಂದು ಇಡುವ ಹಾಗಿಲ್ಲ. ಕೇಳಬೇಕು.”

ಕೇಳಲೇಬೇಕು, ನನಗೂ ಗೊತ್ತಿತ್ತು. ಚರ್ಚ್ ಆಫ್ ಇಂಗ್ಲೆಂಡಿನ ಕಟ್ಟಡದೊಳಗೆ ಏನನ್ನೇ ತರಲಿ, ತೆಗೆಯಲಿ, ಬದಲಾಯಿಸಲಿ, ಅದಕ್ಕೊಂದು ಒಪ್ಪಿಗೆಯ ಕ್ರಮ ಇದೆ. ದೊಡ್ಡ ಕೆಲಸಕ್ಕೆ ಚರ್ಚಿನದೇ ನ್ಯಾಯಾಲಯದ ಅಪ್ಪಣೆ ಆಗಬೇಕು. ಜನ ಇದನ್ನು ತಲೆನೋವು ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಬ್ಬರ ಇಷ್ಟಕ್ಕೆ ಬಿಟ್ಟಿದ್ದರೆ ಆ ಓಕ್ ಪೆಟ್ಟಿಗೆ ಇಷ್ಟು ಹೊತ್ತಿಗೆ ಯಾರದೋ ಟಿವಿಯ ಕೆಳಗಿರುತ್ತಿತ್ತು.

ವಾರ್ಡನ್ ಕೋಟಿನ ಜೇಬಿನಿಂದ ಸಣ್ಣ ಡೈರಿ, ಮೊಂಡು ಪೆನ್ಸಿಲು ತೆಗೆದರು. ಬಿಷಪ್ಪರ ಪರವಾಗಿ ಸುತ್ತಲಿನ ಚರ್ಚುಗಳನ್ನು ನೋಡಿಕೊಳ್ಳುವ ಆರ್ಚ್‌ಡೀಕನ್ನರಿಗೆ ಬರೆಯಬೇಕು ಅಂತ ತಮಗೇ ಹೇಳಿಕೊಂಡು ಗುರುತು ಹಾಕಿದರು. ಅಜ್ಜಿ ಬಗ್ಗಿ ಆ ಖಾಲಿ ಜಾಗವನ್ನು ಗೇಣು ಹಾಕಿ ಅಳೆಯುತ್ತಿದ್ದರು. “ಕೂರುತ್ತದೆ. ಆದರೆ ಮೊದಲು ಹುಳು ಇದೆಯಾ ನೋಡಿ” ಅಂದರು.

ತಲೆಯ ಮೇಲೆ ಐದು ಹೊಡೆಯಿತು. ಆಂಟಿಕ್ ಸೆಂಟರ್ ಮುಚ್ಚಿ ಅರ್ಧ ಗಂಟೆ ಆಗಿತ್ತು. ಇನ್ನು ನಾಳೆಯೇ ಹೋಗಬೇಕು, ಬಾಗಿಲು ತೆರೆಯುವ ಮೊದಲೇ.